ಸರ್ ರಾಬರ್ಟ್ ಮೆಕ್ಯಾರಿಸನ್: ನಮ್ಮ ಊಟವನ್ನು ಪರೀಕ್ಷಿಸಿದ ವೈದ್ಯರು

ಪ್ರತಿವರ್ಷವೂ ಜೂನ್ ತಿಂಗಳಲ್ಲಿ ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಿಂದ ಬಾಲಕಿಯರನ್ನು ನಮ್ಮ ವಸತಿಗೃಹಕ್ಕೆ ಕರೆತರುವ ತಾಯಂದಿರು ಮೊದಲು ಕೇಳುವ ಪ್ರಶ್ನೆಯು, ಮಗಳಿಗೆ ಹೊಟ್ಟೆತುಂಬ ಅನ್ನ ಸಿಕ್ಕುವುದೇ ಎಂಬುದು. ತಾಯಿಯ ಹೃದಯಕ್ಕೆ ಇದು ಸಹಜವೇ. ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ದೇಹಕ್ಕೆ ಪೋಷಣೆಯಾಯಿತೆಂದು ಭಾವಿಸಲಾಗದು. ಇದನ್ನು ನಮ್ಮ ದೇಶದಲ್ಲಿಯೇ ಪ್ರಯೋಗಗಳಿಂದ ತೋರಿಸಿಕೊಟ್ಟ ಮಹನೀಯರೊಬ್ಬರ ಚರಿತ್ರೆಯನ್ನು ಹಳೆಯ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದಿಡಲು ಬಯಸುತ್ತೇನೆ.

ರಾಬರ್ಟ್ ಮೆಕ್ಯಾರಿಸನ್ನರು 1878ನೆಯ ಇಸವಿ ಮಾರ್ಚ್ 15ರಂದು ಐರ್ಲೆಂಡಿನ ಪೋರ್ಟಡೌನ್ ಎಂಬ ಊರಿನಲ್ಲಿ ಜನಿಸಿದರು. ಬೆಲ್‌ಫಾಸ್ಟಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1900ರಲ್ಲಿ ಪದವಿ ಪಡೆದು, ಮರುವರ್ಷ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ನಮ್ಮ ದೇಶಕ್ಕೆ ಬಂದರು. ವಾಯವ್ಯ ಗಡಿಯಾಚೆಯ ಗಿಲ್ಗಿಟ್ ಪ್ರಾಂತದಲ್ಲಿ ಅವರಿಗೆ ಗಳಗಂಡ ರೋಗಿಗಳು ಬಹುಸಂಖ್ಯೆಯಲ್ಲಿ ಕಾಣಸಿಕ್ಕರು. ಅಲ್ಲಿ ಒಂದೇ ಹೊಳೆಯ ನೀರನ್ನು ಕುಡಿಯುವ ಹಳ್ಳಿಗಳಲ್ಲಿ ಮೇಲಣ ಹಳ್ಳಿಗಿಂತ ಕೆಳಗಣ ಹಳ್ಳಿಯಲ್ಲಿ ರೋಗವು ಹೆಚ್ಚಾಗಿತ್ತು. ಕಾರಣವನ್ನು ತಿಳಿಯಲು ಅವರು ಆ ನೀರಿನ ಗಸಿಯನ್ನು ತಾವೇ ಕುಡಿದು ಪರೀಕ್ಷಿಸಿದರು. ನೀರಿನ ಕಲ್ಮಶವೇ ರೋಗಕ್ಕೆ ಮೂಲವೆಂದು ಅವರು ನಂಬಿದ್ದರು. ಅಯೋಡಿನ್ ಕೊರತೆಯೇ ಮುಖ್ಯ ಕಾರಣವೆಂಬುದು ಇಂದು ಸ್ಥಿರವಾಗಿದೆ. ಆದರೂ ರೋಗಿಯನ್ನು ಮಾತ್ರವಲ್ಲದೆ ಆತನು ಉಣ್ಣುವುದನ್ನೂ ಕುಡಿಯುವುದನ್ನೂ ನೋಡಬೇಕೆಂಬ ಅಭ್ಯಾಸವು ಅವರಿಗೆ ಅಲ್ಲಿಯೇ ದೃಢವಾಯಿತು.

1918ರಲ್ಲಿ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ ಅವರು ಬೆರಿಬೆರಿ ರೋಗದ ವಿಚಾರಣೆಯನ್ನು ಆರಂಭಿಸಿದರು. ಗಿರಣಿಯಲ್ಲಿ ತೌಡೆಲ್ಲವನ್ನೂ ಕಳೆದುಕೊಂಡ ಬಿಳಿಯ ಅಕ್ಕಿಯೇ ಆಹಾರವಾದರೆ ಜೀವಸತ್ವದ ಕೊರತೆಯಿಂದ ನರಗಳೂ ಜೀರ್ಣಾಂಗಗಳೂ ಹೇಗೆ ಕೆಡುತ್ತವೆಂಬುದನ್ನು ಪಾರಿವಾಳ ಮೊದಲಾದ ಪ್ರಾಣಿಗಳಲ್ಲಿ ಪರೀಕ್ಷಿಸಿದರು. 1923ರಲ್ಲಿ ಸರ್ಕಾರವು ವೆಚ್ಚ ಕಡಿಮೆ ಮಾಡುವ ನೆವದಿಂದ ಈ ಕಾರ್ಯವನ್ನು ನಿಲ್ಲಿಸಿಬಿಟ್ಟಿತು. ಅವರು ಎದೆಗುಂದಲಿಲ್ಲ. 1925ರಲ್ಲಿ ಅದು ಪುನಃ ಪ್ರಾರಂಭವಾಯಿತು.

ಅವರ ಪ್ರಯೋಗಗಳಲ್ಲಿ ಒಂದು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದುದು. ಒಂದೇ ವಯಸ್ಸಿನ ಎಳೆಯ ಇಲಿಗಳನ್ನು ಏಳು ಗುಂಪುಗಳಾಗಿ ಮಾಡಿ, ಒಂದೊಂದು ಗುಂಪಿಗೆ ಭಾರತದ ಒಂದೊಂದು ಜನಾಂಗದ ಊಟವನ್ನು ತಿನ್ನಿಸಿ, ಅವುಗಳ ಬೆಳವಣಿಗೆಯನ್ನು ತೂಗಿ ನೋಡಿದರು. ಸಿಖ್ಖರ ಊಟ ತಿಂದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ತರುವಾಯ ಕ್ರಮವಾಗಿ ಪಠಾಣರ, ಮರಾಠರ, ಗೂರ್ಖರ ಊಟಗಳು, ಐದನೆಯದು ಕನ್ನಡಿಗರದು, ಅನಂತರ ಬಂಗಾಳಿಗಳ ಹಾಗೂ ಮದರಾಸಿನವರ ಊಟಗಳು. ಇಲಿಯ ದೇಹವೂ ಮನುಷ್ಯದೇಹವೂ ಒಂದೇ ಅಲ್ಲವೆಂಬುದು ನಿಜ. ಆದರೂ ತೌಡು ಕಳೆಯದ ಗೋಧಿಯ ರೊಟ್ಟಿ, ಬೇಳೆ, ಹಾಲು, ಬೆಣ್ಣೆ, ಹಸಿಯ ತರಕಾರಿ ಇವೆಲ್ಲವೂ ಒಂದೇ ಊಟದಲ್ಲಿ ಕೂಡಿದ್ದುದೇ ಸಿಖ್ಖರ ಊಟದ ಹಿರಿಮೆಯೆಂಬುದನ್ನು ನಾವು ಮನಗಾಣಬೇಕು.

ಮೆಕ್ಯಾರಿಸನ್ನರು ತಮ್ಮ ಜ್ಞಾನವನ್ನು ಪಂಡಿತರಿಗಷ್ಟೇ ಮೀಸಲಿಡಲಿಲ್ಲ. 1928ರಲ್ಲಿ ಭಾರತದ ಶಾಲೆಗಳ ಉಪಯೋಗಕ್ಕೆಂದೇ ಆಹಾರವನ್ನು ಕುರಿತು ಸರಳವಾದ ಒಂದು ಕಿರುಪುಸ್ತಕವನ್ನು ಬರೆದರು. ಉಪಾಧ್ಯಾಯಿನಿಯಾದ ನನಗೆ ಅವರ ಮೇಲೆ ಗೌರವ ಹೆಚ್ಚಲು ಇದೇ ಕಾರಣ. 1933ರಲ್ಲಿ ಸರ್ ಪದವಿಯನ್ನು ಪಡೆದು, 1935ರಲ್ಲಿ ನಿವೃತ್ತರಾಗಿ, 1960ರ ಮೇ 18ರಂದು ಕಾಲವಶರಾದರು.

ಅವರು ಒಂದು ಕೋಣೆಯಲ್ಲಿ ಆರಂಭಿಸಿದ ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ, ಎಂದರೆ 1956ರವರೆಗೆ ನಮ್ಮ ರಾಯಚೂರು ಸೇರಿದ್ದ ಸಂಸ್ಥಾನದ ರಾಜಧಾನಿಗೆ, ಸ್ಥಳಾಂತರವಾಗಿ, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದೆ. ದೇಶದ ಜನರಿಗೆ ಆಹಾರಸೂತ್ರಗಳನ್ನು ಕೊಡುತ್ತಿರುವುದು ಅದೇ. 2024ರಲ್ಲಿ ಪ್ರಕಟವಾದ 17 ಸೂತ್ರಗಳ ಮೇರೆಗೆ ಊಟದ ತಾಟಿನ ಅರ್ಧಭಾಗವು ತರಕಾರಿ, ಸೊಪ್ಪು, ಹಣ್ಣುಗಳಿಂದ ತುಂಬಿರಬೇಕು. 2000 ಕ್ಯಾಲೊರಿಯ ದಿನದ ಆಹಾರದಲ್ಲಿ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಅದರಲ್ಲಿ ಸೊಪ್ಪು 100 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಸುಮಾರು 85 ಗ್ರಾಂ, ಹಾಲು 300 ಮಿಲಿಲೀಟರ್ ಇರಬೇಕು. ಉಪ್ಪು 5 ಗ್ರಾಂ ಮೀರಬಾರದು. ಊಟದೊಡನೆ ಚಹಾ ಕುಡಿಯುವುದೂ ಸಲ್ಲದು, ಏಕೆಂದರೆ ಅದು ಕಬ್ಬಿಣದ ಅಂಶವು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಬೆಳೆಯುವ ಹುಡುಗಿಯರಲ್ಲಿ ರಕ್ತಹೀನತೆ ಕಾಣಿಸುವ ನಮ್ಮ ನಾಡಿನಲ್ಲಿ ಇದನ್ನು ಮರೆಯಕೂಡದು.

ತುಂಗಭದ್ರೆಯ ಕಾಲುವೆ ಹರಿದ ಮೇಲೆ ಮಾನ್ವಿಯ ಹೊಲಗಳು ಗದ್ದೆಗಳಾದವು. ಜೋಳದ ರೊಟ್ಟಿಯ ಸ್ಥಾನವನ್ನು ಬಿಳಿಯ ಅನ್ನವು ಆಕ್ರಮಿಸುತ್ತ ಬಂದಿತು. ಹಾಗೆಂದು ರೊಟ್ಟಿಯೊಂದೇ ಸಾಕೆಂದೂ ನಾನು ಹೇಳಲಾರೆ. ಜೋಳವೊಂದನ್ನೇ ನೆಚ್ಚಿದ ದಖ್ಖಣದ ಬಡವರಲ್ಲಿ ಪೆಲಾಗ್ರ ಎಂಬ ಚರ್ಮರೋಗವು ಕಾಣಿಸಿದುದನ್ನು ಹೈದರಾಬಾದಿನ ಇದೇ ಸಂಸ್ಥೆಯವರು ವಿಚಾರಿಸಿ ತಿಳಿದಿದ್ದಾರೆ. ರೊಟ್ಟಿಗೆ ಪುಂಡಿಪಲ್ಯ, ಮೆಂತೆಸೊಪ್ಪು, ಬೇಳೆ, ಶೇಂಗಾ ಚಟ್ನಿ, ಮಜ್ಜಿಗೆ ಕೂಡಿದಾಗಲೇ ಅದು ಪೂರ್ಣವಾದ ಊಟ. ನಮ್ಮ ಅಜ್ಜಿಯರ ಅಡಿಗೆಮನೆಯಲ್ಲಿ ಇವು ಯಾವುವೂ ಹೊಸತಲ್ಲ.

ಆದಕಾರಣ ತಾಯಂದಿರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಜೂನಿನಲ್ಲಿ ಮಗಳ ಗಂಟಿನಲ್ಲಿ ಬಿಸ್ಕತ್ತಿನ ಪೊಟ್ಟಣದ ಬದಲು ಶೇಂಗಾ ಚಟ್ನಿಯನ್ನೋ ಗುರೆಳ್ಳು ಪುಡಿಯನ್ನೋ ಕಟ್ಟಿ ಕಳುಹಿಸಿರಿ. ಅನ್ನ ಸಿಕ್ಕುವುದೇ ಎಂದು ಕೇಳಿದ ಬಳಿಕ, ಪಲ್ಯವನ್ನು ಎಷ್ಟು ಬಡಿಸುವಿರೆಂದೂ ತಪ್ಪದೆ ಕೇಳಿರಿ. ಉತ್ತರ ಕೊಡುವ ಹೊಣೆ ನಮ್ಮದು.