ಕೊಟ್ಟದ್ದೆಷ್ಟು, ಪಡೆದದ್ದೆಷ್ಟು: ಮೈಕೆಲ್ ಫ್ಯಾರಡೆಯವರ ಲೆಕ್ಕ

ಆನೋಡ್, ಕ್ಯಾಥೋಡ್, ಅಯಾನು ಎಂಬ ಪದಗಳು ಬಂದೊಡನೆ ನಿಮ್ಮ ಮಗನೋ ಮಗಳೋ ತಡವರಿಸಿದರೆ ಗಾಬರಿಯಾಗಬೇಡಿ. ಅವನ್ನು ಬಳಕೆಗೆ ತಂದ ಮೈಕೆಲ್ ಫ್ಯಾರಡೆಯವರಿಗೂ ಅವು ಪರಭಾಷೆಯ ಪದಗಳೇ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ಬಳಿ. ತಂದೆ ಕಮ್ಮಾರ; ಮನೆಯಲ್ಲಿ ಬಡತನ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸಾಮಾನ್ಯ ಲೆಕ್ಕ ಅಷ್ಟೇ. 14ನೆಯ ವಯಸ್ಸಿನಿಂದ ಏಳು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತರು. ಅಂಗಡಿಗೆ ಬಂದ ಪುಸ್ತಕಗಳನ್ನೇ ಓದಿದರು. ಜೇನ್ ಮಾರ್ಸೆಟ್ ಎಂಬಾಕೆ ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕ ಅವರಿಗೆ ರಸಾಯನಶಾಸ್ತ್ರದ ರುಚಿ ಹತ್ತಿಸಿತು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಬರೆದು, ತಾವೇ ರಟ್ಟು ಕಟ್ಟಿ ಅವರಿಗೆ ಕಳುಹಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಯವರ ಸಹಾಯಕರಾದರು.

ಉನ್ನತ ಗಣಿತ ಫ್ಯಾರಡೆಯವರಿಗೆ ಕೊನೆಯವರೆಗೂ ದಕ್ಕಲಿಲ್ಲ. ಆದರೆ ತೂಗುವುದು, ಅಳೆಯುವುದು ಚೆನ್ನಾಗಿ ಗೊತ್ತಿತ್ತು. 1830ರ ದಶಕದಲ್ಲಿ ದ್ರಾವಣಗಳಲ್ಲಿ ವಿದ್ಯುತ್ ಹರಿಸಿ, ಬೇರ್ಪಟ್ಟ ವಸ್ತುಗಳನ್ನು ಅಳೆದು ನೋಡಿದರು. ವಿದ್ಯುತ್ ಎರಡರಷ್ಟು ಹರಿದರೆ ವಸ್ತುವೂ ಎರಡರಷ್ಟು. ಇಂದಿನ ಅಂಕಿಯಲ್ಲಿ ಹೇಳುವುದಾದರೆ, 108 ಗ್ರಾಂ ಬೆಳ್ಳಿಯನ್ನು ಕೂರಿಸುವ ವಿದ್ಯುತ್ತು ತಾಮ್ರವನ್ನು ಸುಮಾರು 32 ಗ್ರಾಂ ಮಾತ್ರ ಕೂರಿಸುತ್ತದೆ. ಬೆಳ್ಳಿಯ ಅಯಾನಿಗೆ ಒಂದು ಎಲೆಕ್ಟ್ರಾನ್ ಸಾಕು, ತಾಮ್ರದ ಅಯಾನಿಗೆ ಎರಡು ಬೇಕು. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಫ್ಯಾರಡೆ 1867ರಲ್ಲೇ ತೀರಿಕೊಂಡಿದ್ದರು. ಅದನ್ನು ಕಾಣದೆಯೇ ಅದರ ಲೆಕ್ಕ ಹಿಡಿದಿದ್ದರು.

ನಿಮ್ಮ ಮಕ್ಕಳು ಅರ್ಧಕ್ರಿಯೆಗಳನ್ನು ಸರಿದೂಗಿಸುವಾಗ ಮಾಡುವುದೂ ಇದೇ ಜಮಾ-ಖರ್ಚು. ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ತಾಮ್ರದ ತಂತಿ ಇಟ್ಟರೆ, ತಾಮ್ರದ ಒಂದು ಪರಮಾಣು ಎರಡು ಎಲೆಕ್ಟ್ರಾನ್ ಕೊಡುತ್ತದೆ, ಅದು ಉತ್ಕರ್ಷಣ. ಬೆಳ್ಳಿಯ ಒಂದು ಅಯಾನು ಒಂದನ್ನೇ ಪಡೆಯುತ್ತದೆ, ಅದು ಅಪಕರ್ಷಣ. ಕೊಟ್ಟದ್ದೂ ಪಡೆದದ್ದೂ ಸಮವಾಗಬೇಕು. ಆದ್ದರಿಂದ ಬೆಳ್ಳಿಯ ಮುಂದೆ 2 ಬರೆಯುತ್ತಾರೆ.

ಆನೋಡ್, ಕ್ಯಾಥೋಡ್, ಅಯಾನು ಎಂಬ ಗ್ರೀಕ್ ಮೂಲದ ಹೆಸರುಗಳನ್ನು 1834ರಲ್ಲಿ ಸೂಚಿಸಿದವರು ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್. ಫ್ಯಾರಡೆಯವರಿಗೆ ಮೊದಲು ಸಂಗತಿ ತಿಳಿದಿತ್ತು, ಹೆಸರು ಆಮೇಲೆ ಬಂತು. ನಿಮಗೆ ರಸಾಯನಶಾಸ್ತ್ರ ಬರದಿದ್ದರೂ ಚಿಂತೆಯಿಲ್ಲ. ಇಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಮನೆಮಾತಿನಲ್ಲೇ ಕೇಳಿ: ಯಾರು ಕೊಟ್ಟರು, ಯಾರು ಪಡೆದರು, ಎಷ್ಟು? ಇದಕ್ಕೆ ಉತ್ತರ ಹೇಳಬಲ್ಲ ಮಗು ಸಮೀಕರಣವನ್ನೂ ಬರೆಯುತ್ತದೆ.