ವಿಶ್ವಕಿರಣಗಳ ಬೆನ್ನುಹತ್ತಿದ ಭಾಭಾ

ಹೋಮಿ ಜಹಾಂಗೀರ್ ಭಾಭಾ ಅವರು 1909ನೆಯ ಇಸವಿ ಅಕ್ಟೋಬರ್ 30ರಂದು ಮುಂಬಯಿಯ ಅನುಕೂಲಸ್ಥ ಪಾರ್ಸಿ ಮನೆತನದಲ್ಲಿ ಜನಿಸಿದರು. ಮಗನು ಇಂಜಿನಿಯರಾಗಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯನ್ನು ಸೇರಲಿ ಎಂಬುದು ತಂದೆಯ ಬಯಕೆ. ಕೇಂಬ್ರಿಜ್‌ನಲ್ಲಿ ಆ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ ಭಾಭಾ, ಅನಂತರ ತಮಗೆ ಪ್ರಿಯವಾದ ಭೌತವಿಜ್ಞಾನದ ಕಡೆಗೆ ತಿರುಗಿದರು. ಅಂತರಿಕ್ಷದಿಂದ ಹಗಲಿರುಳೂ ಬಂದೆರಗುವ ವಿಶ್ವಕಿರಣಗಳು ಅವರ ಮನಸ್ಸನ್ನು ಸೆಳೆದುವು. ಈ ಕಿರಣಗಳು ವಾಯುಮಂಡಲದಲ್ಲಿ ಕಣಗಳ ಮಳೆಯನ್ನೇ ಸುರಿಸುವ ಬಗೆಯನ್ನು 1937ರಲ್ಲಿ ಅವರೂ ಹೈಟ್ಲರ್ ಎಂಬ ವಿಜ್ಞಾನಿಯೂ ಕೂಡಿ ಗಣಿತದಿಂದ ವಿವರಿಸಿದರು.

1939ರಲ್ಲಿ ರಜೆಗೆಂದು ತಾಯ್ನಾಡಿಗೆ ಬಂದಿದ್ದಾಗ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಭಾಭಾ ಹಿಂದಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ ಅವರಿದ್ದ ವಿಭಾಗವನ್ನು ಸೇರಿದರು. ಕೆಲಕಾಲದ ತಂಗುದಾಣವಾಗಬೇಕಿದ್ದ ಬೆಂಗಳೂರು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಯುದ್ಧ ಮುಗಿದ ಮೇಲೂ ಅವರು ಕೇಂಬ್ರಿಜ್‌ಗೆ ಮರಳಲಿಲ್ಲ. ಅವರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ 1945ರಲ್ಲಿ ಇಲ್ಲಿಯೇ ಆರಂಭವಾಗಿ, ಆ ವರ್ಷವೇ ಮುಂಬಯಿಗೆ ಹೋಯಿತು.

ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣವು ಬಂಡೆಯನ್ನೂ ಭೇದಿಸಿ ನುಗ್ಗಬಲ್ಲದು. ಆದರೆ ಎಷ್ಟು ಆಳಕ್ಕೆ? ಅದನ್ನು ಅಳೆಯಲು ನಮ್ಮ ಕೋಲಾರದ ಚಿನ್ನದ ಗಣಿಗಿಂತ ತಕ್ಕ ಸ್ಥಳ ದೇಶದಲ್ಲಿ ಬೇರೊಂದಿರಲಿಲ್ಲ. ಭಾಭಾ ಈ ಕೆಲಸವನ್ನು ಮೈಸೂರು ಸೀಮೆಯ ತರುಣ ಬಿ. ವಿ. ಶ್ರೀಕಂಠನ್ ಅವರಿಗೆ ವಹಿಸಿದರು. 1950ರ ದಶಕದ ಮೊದಲಲ್ಲಿ ಉಪಕರಣಗಳು ಗಣಿಗೆ ಇಳಿದುವು. ಕೆಳಗಿಳಿದಂತೆಲ್ಲ ಕಣಗಳ ಎಣಿಕೆ ಕುಗ್ಗುತ್ತ ಬಂದಿತು. ಎರಡೂವರೆ ಕಿಲೋಮೀಟರಿಗೂ ಕೆಳಗೆ, ವಾರಗಟ್ಟಲೆ ಕಾದರೂ ಒಂದು ಮ್ಯೂಆನ್ ಸಹ ಸಿಕ್ಕಲಿಲ್ಲ. ಬರಿಗೈಯ ಈ ಫಲವೇ ದೊಡ್ಡ ಲಾಭವಾಯಿತು. ಬೇರೆ ಕಣಗಳ ಗದ್ದಲವಿಲ್ಲದ ಆ ಪಾತಾಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣದ ಗುರುತು 1965ರಲ್ಲಿ ದೊರೆಯಿತು. ಮರುವರ್ಷ ಜನವರಿ 24ರಂದು ಭಾಭಾ ಪಯಣಿಸುತ್ತಿದ್ದ ವಿಮಾನವು ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿಯಿತು. ಅದರಲ್ಲಿದ್ದವರು ಯಾರೂ ಉಳಿಯಲಿಲ್ಲ.

ಬಂಡೆ ದಪ್ಪವಾದಷ್ಟೂ ಮ್ಯೂಆನ್ ಕಡಿಮೆಯಾಗುವುದಾದರೆ, ಕಣಗಳನ್ನು ಎಣಿಸಿ ಬಂಡೆಯ ಒಡಲನ್ನೇ ತಿಳಿಯಬಹುದಲ್ಲವೇ? ಆಲ್ವಾರೆಜ್ ಎಂಬ ಅಮೆರಿಕದ ವಿಜ್ಞಾನಿ ಹೀಗೆಯೇ ಈಜಿಪ್ಟಿನ ಪಿರಮಿಡ್ಡಿನಲ್ಲಿ ಗುಪ್ತ ಕೋಣೆಯನ್ನು ಹುಡುಕಿದರು, ಕೋಣೆ ಇರಲಿಲ್ಲ. ಜಪಾನಿನವರು ಅಸಾಮ ಎಂಬ ಜ್ವಾಲಾಮುಖಿಯ ಒಳಗನ್ನು ಮ್ಯೂಆನ್‌ಗಳಿಂದ ಚಿತ್ರಿಸಿದರು. ಭಾಭಾ ಕಟ್ಟಿದ ಸಂಸ್ಥೆಯವರು ಉದಕಮಂಡಲದಲ್ಲಿ ಗುಡುಗುಮೋಡವೊಂದರ ವಿದ್ಯುತ್ತನ್ನು ಇದೇ ಕಣಗಳಿಂದ ಅಳೆದರು. 2014ರ ಡಿಸೆಂಬರ್ 1ರ ಆ ಮೋಡದಲ್ಲಿದ್ದುದು ಸುಮಾರು 130 ಕೋಟಿ ವೋಲ್ಟ್.