ರೇಷ್ಮೆ ತರಲು ಹೋದವನು

ಸಂಪೂರ್ಣ ಸೋತ ರಾಯಭಾರವೊಂದು ಚರಿತ್ರೆಯಲ್ಲಿ ಉಳಿಯಬಲ್ಲುದೇ? ಆಡಂ ಒಲಿಯೇರಿಯಸ್‌ನ ಬದುಕು ನನ್ನಲ್ಲಿ ಪದೇ ಪದೇ ಎಬ್ಬಿಸುವ ಪ್ರಶ್ನೆ ಇದು. 1599ರಲ್ಲಿ ಜರ್ಮನಿಯ ಆಷರ್ಸ್‌ಲೇಬೆನ್‌ನಲ್ಲಿ ದರ್ಜಿಯೊಬ್ಬನ ಮಗನಾಗಿ ಹುಟ್ಟಿದ ಈತ ಲೈಪ್‌ಜಿಗ್‌ನಲ್ಲಿ ಓದಿ ವಿದ್ವಾಂಸನಾದ.

ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನಿ ಬೇಯುತ್ತಿದ್ದ ಕಾಲವದು. ಪರ್ಷಿಯದ ರೇಷ್ಮೆಯನ್ನು ರಷ್ಯಾದ ಮಾರ್ಗವಾಗಿ ತನ್ನ ಪುಟ್ಟ ಸಂಸ್ಥಾನಕ್ಕೆ ತರಿಸುವ ಹಂಬಲ ಹೋಲ್‌ಸ್ಟೈನ್-ಗೊಟ್ಟಾರ್ಪ್‌ನ ಡ್ಯೂಕ್ ಮೂರನೇ ಫ್ರೆಡರಿಕ್‌ನದು. 1633ರಲ್ಲಿ ಮಾಸ್ಕೋಗೆ ಹೊರಟ ನಿಯೋಗಕ್ಕೆ ಒಲಿಯೇರಿಯಸ್ ಕಾರ್ಯದರ್ಶಿಯಾದ. 1635ರ ಎರಡನೆಯ ಯಾತ್ರೆಯಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಹಡಗು ಒಡೆಯಿತು, ಮರುವರ್ಷ ಕ್ಯಾಸ್ಪಿಯನ್‌ನಲ್ಲಿಯೂ. ಆದರೂ ಆತ ಬರೆಯುವುದನ್ನು ನಿಲ್ಲಿಸಲಿಲ್ಲ. ವೋಲ್ಗಾ ನದಿಯ ನಕಾಶೆಯನ್ನೂ ರಚಿಸಿದ. 1637ರಲ್ಲಿ ಇಸ್ಫಹಾನ್ ತಲುಪಿದಾಗ ಷಾ ಸಫಿಯ ಆಸ್ಥಾನದಲ್ಲಿ ಸತ್ಕಾರ ದೊರೆಯಿತು, ರೇಷ್ಮೆ ದಕ್ಕಲಿಲ್ಲ. ರಾಯಭಾರಿಗಳಲ್ಲೊಬ್ಬನಾದ ಬ್ರ್ಯೂಗೆಮನ್ ತನ್ನ ದುರ್ವರ್ತನೆಗಾಗಿ 1640ರಲ್ಲಿ ಮರಣದಂಡನೆಗೆ ಗುರಿಯಾದ.

ಒಲಿಯೇರಿಯಸ್ ಮಾತ್ರ ಬರಿಗೈಯಲ್ಲಿ ಮರಳಲಿಲ್ಲವೆಂದೇ ನನ್ನ ಎಣಿಕೆ. 1647ರಲ್ಲಿ ಅವನ ಪ್ರವಾಸಕಥನ ಪ್ರಕಟವಾಯಿತು. ರಷ್ಯನ್ನರ ಕುರಿತ ಅವನ ಬರಹದಲ್ಲಿ ಪೂರ್ವಗ್ರಹ ಧಾರಾಳವಾಗಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದೇ ಲೇಖನಿ 1654ರಲ್ಲಿ ಸಾದಿಯ ‘ಗುಲಿಸ್ತಾನ್’ ಅನ್ನು ಜರ್ಮನ್ನಿಗೆ ತಂದಿತು. ಇಸ್ಫಹಾನಿನಿಂದ ಸೂರತ್, ಆಗ್ರಾಗಳತ್ತ ಸಾಗಿ, 1644ರಲ್ಲಿ ಹರೆಯದಲ್ಲೇ ತೀರಿಕೊಂಡ ಗೆಳೆಯ ಮ್ಯಾಂಡೆಲ್‌ಸ್ಲೋನ ಭಾರತಯಾತ್ರೆಯ ಟಿಪ್ಪಣಿಗಳನ್ನೂ ಆತನೇ ಪರಿಷ್ಕರಿಸಿ ಪ್ರಕಟಿಸಿದ.

ಗೊಟ್ಟಾರ್ಪ್ ಅರಮನೆಯಲ್ಲಿ ಅವನ ಮೇಲ್ವಿಚಾರಣೆಯಲ್ಲಿ ಮೂರು ಮೀಟರಿಗೂ ಮಿಕ್ಕಿದ ವ್ಯಾಸದ ಗೋಳವೊಂದು ಸಿದ್ಧವಾಯಿತು. ಒಳಗೆ ಕುಳಿತರೆ ನಕ್ಷತ್ರಗಳು ತಲೆಯ ಸುತ್ತ ತಿರುಗುತ್ತಿದ್ದವು. 1671ರಲ್ಲಿ ಆತ ತೀರಿಕೊಂಡ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆ ಗೋಳ ಪೀಟರ್ ಮಹಾಶಯನಿಗೆ ಕಾಣಿಕೆಯಾಗಿ ರಷ್ಯಾಕ್ಕೆ ಹೋಯಿತು.